ಕಣ್ಣೊಳಗಿನ ಸೋಲಾರ್ ಚಿಪ್: ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

‘ಚಿಪ್ ಹಾಕಿದರೆ ದೃಷ್ಟಿ ಕಳೆದುಕೊಂಡವರಿಗೆ ಮತ್ತೆ ಕಣ್ಣು ಕಾಣುತ್ತದೆ’ ಎಂಬ ಸಂದೇಶ ನಿಮಗೂ ಬಂದಿದ್ದರೆ, ಅದು ಪೂರ್ತಿ ಸುಳ್ಳಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಪಲಂಕರ್ ರೂಪಿಸಿದ ಈ ಚಿಪ್‌ನ ಹೆಸರು ಪ್ರಿಮಾ. ಉದ್ದ, ಅಗಲ 2 ಮಿಲಿಮೀಟರ್ ಅಷ್ಟೇ. ಬ್ಯಾಟರಿ ಇಲ್ಲ, ವೈರೂ ಇಲ್ಲ.

ವಯಸ್ಸಾದ ಕೆಲವರಲ್ಲಿ ರೆಟಿನಾದ ನಡುಭಾಗದ, ಬೆಳಕು ಗ್ರಹಿಸುವ ಜೀವಕೋಶಗಳು ಸಾಯುತ್ತವೆ. ಮಿದುಳಿಗೆ ಸುದ್ದಿ ಮುಟ್ಟಿಸುವ ಕೋಶಗಳು ಉಳಿದಿರುತ್ತವೆ. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಇನ್‌ಫ್ರಾರೆಡ್ ಬೆಳಕಾಗಿ ಕಣ್ಣೊಳಗೆ ಬಿಡಲಾಗುತ್ತದೆ. ಚಿಪ್‌ನ 378 ಪುಟ್ಟ ಸೋಲಾರ್ ಬಿಲ್ಲೆಗಳು ಅದನ್ನು ವಿದ್ಯುತ್ತಾಗಿಸಿ ಆ ಕೋಶಗಳನ್ನು ಪ್ರಚೋದಿಸುತ್ತವೆ. ಮನೆ ಚಾವಣಿಯ ಪ್ಯಾನೆಲ್‌ನದೇ ತತ್ವ! ಟಿವಿ ರಿಮೋಟಿನ ಬೆಳಕಿನಂತೆ ಇದೂ ಕಣ್ಣಿಗೆ ಕಾಣದು. ಹಾಗಾಗಿ ಅಂಚಿನಲ್ಲಿ ಉಳಿದಿರುವ ಸಹಜ ದೃಷ್ಟಿಗೆ ಅಡ್ಡಿಯಿಲ್ಲ.

ಯುರೋಪಿನ ಪ್ರಯೋಗದ ಫಲಿತಾಂಶ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಚಿಪ್ ಹಾಕಿಸಿಕೊಂಡವರು 38 ಮಂದಿ. ವರ್ಷದ ಬಳಿಕ ಪರೀಕ್ಷಿಸಿದ 32 ಜನರಲ್ಲಿ 26 ಮಂದಿಗೆ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು. 19 ಮಂದಿಗೆ ಗಂಭೀರ ತೊಂದರೆಗಳೂ ಆಗಿದ್ದವು; ಬಹುಪಾಲು ವಾಸಿಯಾದವು. ಕಾಣುವುದು ಕಪ್ಪು-ಬಿಳುಪು ಮಾತ್ರ, ಓದಲು ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಫಾರ್ವರ್ಡ್ ದಾರಿ ತಪ್ಪಿಸುವುದು ಇಲ್ಲಿ: ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನ ನರ. ಅಲ್ಲಿ ಈ ಚಿಪ್ ಕೆಲಸಕ್ಕೆ ಬಾರದು. ‘ಹೇಗೂ ಚಿಪ್ ಬರುತ್ತದಲ್ಲ’ ಎಂದು ದಿನದ ಹನಿ ಔಷಧ ನಿಲ್ಲಿಸಿದರೆ ಉಳಿದ ದೃಷ್ಟಿಯೂ ಹೋಗಬಹುದು, ಹೋದದ್ದು ಮರಳುವುದಿಲ್ಲ.