ಓದುಗರು ಕಡಿಮೆಯಾದ ಲಿಪಿ

ದಾಂಪತ್ಯದ ಒಲುಮೆಯನ್ನು ಬರೆಯಲು ಎಷ್ಟು ಅಕ್ಷರಗಳು ಬೇಕು? ಪಶ್ಚಿಮ ಆಫ್ರಿಕದ ಕ್ರಾಸ್ ನದೀತೀರದ ಜನ ಎರಡೇ ಗೆರೆಗಳಲ್ಲಿ ಆ ಕಾರ್ಯವನ್ನು ಮುಗಿಸಿದರು. ಬಾಗಿದ ಎರಡು ಗೆರೆಗಳು ಪರಸ್ಪರ ಹೆಣೆದುಕೊಂಡರೆ ಒಲುಮೆ. ಅವೇ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ವಿರಸ. ‘ನ್ಸಿಬಿಡಿ’ ಎಂಬ ಸಂಕೇತಲಿಪಿಯ ರೀತಿ ಇದು. ಆಗ್ನೇಯ ನೈಜೀರಿಯ ಮತ್ತು ಅದಕ್ಕೆ ಹೊಂದಿದ ಕ್ಯಾಮರೂನಿನ ಎಜಗಮ್, ಎಫಿಕ್, ಇಬಿಬಿಯೊ, ಇಗ್ಬೊ ಜನರಲ್ಲಿ ಅದು ರೂಢವಾಗಿತ್ತು. ಧ್ವನಿಯ ಬದಲು ಭಾವವನ್ನೇ ಬರೆಯುವ ಲಿಪಿಯಾದ್ದರಿಂದ ಭಾಷೆ ಬೇರೆಯಾದವರೂ ಅದನ್ನು ಬಳಸಬಹುದಾಗಿತ್ತು.

1909ರಲ್ಲಿ ಮ್ಯಾಕ್‌ಗ್ರೆಗರ್ ಎಂಬ ಪಾದ್ರಿ ಪ್ರಕಟಿಸಿದ ಲೇಖನದಲ್ಲಿ, ನ್ಯಾಯವಿಚಾರಣೆಯೊಂದರ ದಾಖಲೆಯೇ ಈ ಗೆರೆಗಳಲ್ಲಿದೆ. ಕೆಲವು ಚಿಹ್ನೆಗಳನ್ನು ಎಲ್ಲರೂ ಬಲ್ಲವರಾಗಿದ್ದರು. ಗೂಢವಾದವು ‘ಎಕ್ಪೆ’ ಎಂಬ ಚಿರತೆ ಸಂಘದ ದೀಕ್ಷಿತರಿಗೆ ಮಾತ್ರ ಮೀಸಲು. ಆ ಸಂಘದ ನೀಲಿ ‘ಉಕಾರಾ’ ವಸ್ತ್ರದ ಮೇಲೆ ಅವು ಬಿಳಿಯಾಗಿ ಮೂಡುತ್ತವೆ. ಗುಲಾಮರಾಗಿ ಕ್ಯೂಬಾಕ್ಕೆ ಒಯ್ಯಲ್ಪಟ್ಟವರೂ ಈ ಪರಂಪರೆಯನ್ನು ಕೈಬಿಡಲಿಲ್ಲ; ಅಲ್ಲಿನ ಅಬಕುವಾ ಸಂಘದ ಚಿಹ್ನೆಗಳು ಇದರ ಸಂತತಿಯೇ. ಆದರೆ ತವರಿನಲ್ಲಿ ಬ್ರಿಟಿಷರ ಆಳ್ವಿಕೆಯೊಡನೆ ಬಂದ ಶಾಲೆಗಳು ರೋಮನ್ ಅಕ್ಷರವನ್ನು ಕಲಿಸಿದವು. ನ್ಸಿಬಿಡಿಯನ್ನು ಓದಬಲ್ಲವರ ಸಂಖ್ಯೆ ಕ್ರಮೇಣ ಇಳಿಯಿತು.

ಈ ಗೆರೆಗಳಿಗೆ ಹೊಸ ಆಶ್ರಯ ನೀಡಿದವರಲ್ಲಿ ಚಿತ್ರಕಾರ ವಿಕ್ಟರ್ ಎಕ್‌ಪುಕ್ ಪ್ರಮುಖರು. 1964ರಲ್ಲಿ ನೈಜೀರಿಯದಲ್ಲಿ ಜನಿಸಿದ ಅವರು ಇಫೆ ವಿಶ್ವವಿದ್ಯಾನಿಲಯದಲ್ಲಿ ಕಲೆಯನ್ನು ಅಭ್ಯಸಿಸಿ, ಲಾಗೋಸಿನ ಪತ್ರಿಕೆಯೊಂದಕ್ಕೆ ಚಿತ್ರ ಬರೆದು, ಮುಂದೆ ಅಮೆರಿಕದಲ್ಲಿ ನೆಲೆಸಿದರು. ಅವರ ಚಿತ್ರಗಳಲ್ಲಿ ಇರುವೆಸಾಲಿನಂತೆ ಒತ್ತೊತ್ತಾಗಿ ಚಿಹ್ನೆಗಳು ಹರಿಯುತ್ತವೆ. ನ್ಸಿಬಿಡಿಯಿಂದ ಸ್ಫೂರ್ತಿ ಪಡೆದ ಈ ಚಿಹ್ನೆಗಳಲ್ಲಿ ಬಹುಪಾಲು ಅವರ ಸ್ವಂತ ಸೃಷ್ಟಿ. ಕೆಲವು ಬಾರಿ ಅವರು ಪ್ರದರ್ಶನಾಲಯದ ಗೋಡೆಯ ಮೇಲೆಯೇ ಬರೆಯುತ್ತಾರೆ. ಪ್ರದರ್ಶನ ಮುಗಿದ ಮೇಲೆ ಅದನ್ನು ಅಳಿಸಲಾಗುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಗೋಡೆಯ ಮುಂದೆ ನಿಂತವರು ಚೆಲುವನ್ನು ಕಾಣುತ್ತಾರೆ, ಅರ್ಥವನ್ನು ಓದಲಾರರು. ಹೀಗಿರುವಾಗ ಉಳಿದದ್ದು ಲಿಪಿಯೋ, ಅದರ ನೆರಳೋ? ಎಕ್ಪೆ ಸಂಘದ ಗುಟ್ಟನ್ನು ಎಕ್‌ಪುಕ್ ಬಯಲಿಗೆ ಎಳೆದಿಲ್ಲ. ಅದು ಅವರು ಪರಂಪರೆಗೆ ಸಲ್ಲಿಸಿದ ಗೌರವವೆಂದೇ ಭಾವಿಸಬಹುದು. ಗೆರೆಯೊಂದು ವಿಚಾರವನ್ನು ಹೊರಬಲ್ಲುದೆಂಬ ನಂಬಿಕೆಯನ್ನು ಅವರ ಕುಂಚ ಕಾಪಾಡಿದೆ. ಆದರೆ ಪದಕೋಶದ ಕೆಲಸ ಕುಂಚದಿಂದಾಗದು. ಹೆಣೆದ ಗೆರೆಗೂ ಬೆನ್ನು ತಿರುಗಿಸಿದ ಗೆರೆಗೂ ಇರುವ ಅಂತರವನ್ನು ಊರಿನ ಹಿರಿಯರು ಕಿರಿಯರಿಗೆ ಹೇಳಿಕೊಡಬೇಕು. ಕಲಾವಿದ ಕಣ್ಣನ್ನು ಸೆಳೆಯಬಲ್ಲ; ಓದು ಕಲಿಸುವ ಹೊಣೆ ಮಾತ್ರ ಬಲ್ಲವರದೇ.