ಮಷೀನ್ ಮಾರುವ ಮುನ್ನ ಜಾಲರಿ ನೋಡಿ



1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ (ಕೆಜಿಎಫ್) ಇಂದು ವಾಷಿಂಗ್ ಮಷೀನ್ ನಿಂತರೆ, ಕರೆಂಟಿಗಿಂತ ಮೊದಲು ಅನುಮಾನಿಸಬೇಕಾದ್ದು ನೀರನ್ನು. ಇಲ್ಲಿನ ರಾಬರ್ಟ್‌ಸನ್‌ಪೇಟೆಯಾಗಲಿ ಪಕ್ಕದ ಬಂಗಾರಪೇಟೆಯಾಗಲಿ, ಕೊಳವೆಬಾವಿಯ ಗಡಸು ನೀರು ಬರುವ ಮನೆಗಳಲ್ಲಿ ಪೈಪಿನ ಬಾಯಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಬಿಸಿನೀರಿನ ಮಾದರಿಗಳಲ್ಲಿ ಹೀಟರ್ ಮೇಲೆ ಸುಣ್ಣದ ಪದರ ಕೂರುತ್ತದೆ. ಜಾಲರಿ ಬಿಚ್ಚಿ ತೊಳೆದರೆ ಮುಗಿಯುವ ಕೆಲಸಕ್ಕೆ ಎಕ್ಸ್‌ಚೇಂಜ್ ಆಫರ್ ಹುಡುಕಿ ಹೊರಡುವವರಿದ್ದಾರೆ!

ಬೆಲ್ಟ್, ಡ್ರೈನ್ ಪಂಪ್, ಕೆಪಾಸಿಟರ್ ಹೋದರೆ ರಿಪೇರಿಯೇ ಸರಿ. ಡ್ರಮ್ಮಿನ ಬೇರಿಂಗ್ ಅಥವಾ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಕೈಕೊಟ್ಟರೆ ಮಾತು ಬೇರೆ: ಮಷೀನಿಗೆ ಎಂಟು-ಹತ್ತು ವರ್ಷವಾಗಿ, ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬದಲಿಸುವುದೇ ಲೇಸು. ಮೆಕ್ಯಾನಿಕ್‌ನಿಂದ ಅಂದಾಜು ಬರೆಸಿಕೊಂಡು, ತೆಗೆದ ಬಿಡಿಭಾಗವನ್ನು ವಾಪಸ್ ಕೇಳಬೇಕು. ಮುಜುಗರ ಬೇಡ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಗೃಹೋಪಯೋಗಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಕೆಟ್ಟ ಮಷೀನ್ ನೋಂದಾಯಿತ ಮರುಬಳಕೆ ಘಟಕ ಸೇರಬೇಕು. ಆದರೆ ಅದು ಸಲೀಸಾಗಿ ಏರುವುದು ಗುಜರಿ ಗಾಡಿಯನ್ನು. ರಾಬರ್ಟ್‌ಸನ್‌ಪೇಟೆ ನಗರಸಭೆ, ಬಂಗಾರಪೇಟೆ ಪುರಸಭೆ ಇಂಥ ಸಾಮಾನು ಪಡೆಯಲು ತಿಂಗಳಿಗೊಂದು ದಿನವನ್ನಾದರೂ ಗೊತ್ತುಮಾಡಲಿ.

– ಓದುಗರೊಬ್ಬರು, ಬಂಗಾರಪೇಟೆ