ಬಚ್ಚಲಾ ತಿಕ್ಕಾಕಿನ್ನ ಯಾರ್ ಕೇಳ್ತಾರ?

ನಮ್ಮ ಮೈದುನನ ಮನ್ಯಾಗ ಬಚ್ಚಲಾ ಒಡದು ಹೊಸಾದು ಮಾಡಸಲಿಕತ್ತಾರ. ಟೈಲ್ಸ್ ಆರಸಲಿಕ್ಕೆ ಅಂಗಡಿಗೆ ಹೋದವರು ಯಾರು? ಮೈದುನ, ಅವನ ಮಗಾ, ಮತ್ತ ಕಾಂಟ್ರಾಕ್ಟರ್. ನೆಗೆಣ್ಣಿ ಮನ್ಯಾಗ ಅವರಿಗೆ ಅಡಗಿ ಮಾಡಕೋತ ಇದ್ಲು. ತಂದದ್ದು ಏನು? ಕನ್ನಡಿಗತೆ ಹೊಳಿಯೋ ಕರೀ ಟೈಲ್ಸ್! "ಬಚ್ಚಲಾ ಸಣ್ಣದದ ವೈನಿ, ಇದನ್ನ ಹಾಕಿದ್ರ ಹೋಟೆಲಿನಂಗ ಕಾಣ್ತದ" ಅಂದ.

ಕಾಣ್ತದಪಾ, ಎಂಟ ದಿನಾ. ನಮ್ಮನ್ಯಾಗೂ ಹಿಂಗ ಕರೀದ ಹಾಕಿಸಿದ್ರು. ನಮ್ಮದು ಬೋರಿನ ಗಡಸು ನೀರು. ಹನಿ ಆರಿದಲ್ಲೆಲ್ಲಾ ಬಿಳೀ ಕಲೆ, ಸುಣ್ಣ ಸಿಡದಂಗ. ವಾರಕ್ಕೊಮ್ಮೆ ಆಸಿಡ್ ಹಾಕಿ ತಿಕ್ಕಿದೆ. ಕಲೆ ಹೋತು, ಅದರ ಜೋಡಿ ಸಂದಿನ ಸಿಮೆಂಟೂ ಹೋತು. ನೀರು ಇಳದು ಆಚೆ ಕಡೆ ಗ್ವಾಡಿಗೆ ಬೂಸ್ರು ಬಂತು. ಇಷ್ಟಾದ ಮ್ಯಾಲೆ ನನಗ ಏನಂದ್ರು ಗೊತ್ತದ? "ನಿನಗ ಸ್ವಚ್ಛ ಇಡಲಿಕ್ಕೆ ಬರಂಗಿಲ್ಲ!"

ನಂದು ಹೋಗಲಿ ಬಿಡ್ರಿ. ನಮ್ಮತ್ತಿಯವರಿಗೆ ಕಣ್ಣು ಮಂಜು. ಗ್ವಾಡಿನೂ ಕರೀದು, ನೆಲಾನೂ ಕರೀದು, ಯಾವದು ಎಲ್ಲಿ ಮುಗೀತದ ತಿಳೀವಲ್ದು. ಬೆಳಕು ಬರಲಿ ಅಂತ ಪಾಪ, ಬಾಗಲಾ ಅರ್ಧಾ ತಗದಿಟ್ಟು ಸ್ನಾನಾ ಮಾಡತಿದ್ರು. ಎಂಬತ್ತರ ವಯಸ್ಸಿನಾಗ ಮರ್ಯಾದಿ ಬಿಟ್ಟು ಸ್ನಾನಾ ಮಾಡೋವಂಥಾ ಚಂದಾ ಯಾರಿಗೆ ಬೇಕಾಗಿತ್ರಿ?

"ಬಿಳೀದು ಹಾಕಿದ್ರ ಹೊಲಸು ಕಾಣ್ತದ" ಅಂತಾರ. ಕಾಣಲಿ! ಹೊಲಸು ಕಂಡ್ರ ತಾನ ತಿಕ್ಕೋದು? ಮುಚ್ಚಿಟ್ರ ಹೋಗ್ತದೇನು?

ಗ್ವಾಡಿಗೆ ತಿಳೀ ಬಣ್ಣದ್ದು ಹಾಕಸ್ರಿ. ನೆಲಕ್ಕ ಬ್ಯಾರೆ ಬಣ್ಣದ್ದು, ಖರಬರಾ ಇದ್ದದ್ದು. ಗ್ವಾಡಿ ಟೈಲ್ಸ್ ನೆಲಕ್ಕ ಹಾಕಲೇಬ್ಯಾಡ್ರಿ, ಜಾರತಾವ. ಸಂದಿಗೆ ಎಪಾಕ್ಸಿ ತುಟ್ಟಿ ಖರೆ, ಆದ್ರ ಸಿಮೆಂಟಿನಂಗ ನೀರು ಹೀರಂಗಿಲ್ಲ. 5 ಫೂಟ್ 7 ಫೂಟಿನ ಬಚ್ಚಲಕ್ಕ 7 ಫೂಟ್ ಎತ್ತರ ಹಚ್ಚಿದ್ರ, ಬಾಗಲಾ ಬಿಟ್ಟು ಸುಮಾರು 150 ಚದರ ಫೂಟ್ ಬೇಕು. 12 ಇಂಚ್ 18 ಇಂಚಿನವು ನೂರು, ಒಡದದ್ದಕ್ಕ ಮ್ಯಾಲೊಂದು ಹತ್ತು, ಎಲ್ಲಾ ಒಂದ ಬ್ಯಾಚಿನವು.

ಎಲ್ಲಾಕಿಂತಾ ಮೊದಲ ಒಂದ ಸ್ಯಾಂಪಲ್ ಮನಿಗೆ ತರ್ರಿ. ನಿಮ್ಮ ನೀರು ಸಿಂಪಡಿಸಿ ಒಣಗಲಿಕ್ಕೆ ಬಿಡ್ರಿ. ಮರದಿನಾ ನೋಡಿದ್ರ ಅದ ಹೇಳ್ತದ. ಅಂಗಡಿ ಲೈಟಿನಾಗ ಎಲ್ಲಾ ಟೈಲ್ಸೂ ಚಂದನ.

ನೆಗೆಣ್ಣಿಗೆ ಫೋನ್ ಮಾಡಿ ಹೇಳೀನಿ, ಬಾಕ್ಸ್ ಒಡೀಬ್ಯಾಡ, ವಾಪಸ್ ಕಳಸು, ಈ ಸಲಾ ನೀನ ಹೋಗು ಅಂತ. ಕೇಳಲಿಲ್ಲಂದ್ರ ಆರಿಸಿದಾಂವನ ಕೈಯಾಗ ಬ್ರಷ್ ಕೊಡು.